ಮಾದರಿ ಮನೆಯ ಮೂಗು

ಅಡುಗೆಮನೆಗೆ ಹೊಸ ವಿನ್ಯಾಸ ನೋಡೋಣ ಅಂತ ನಾನೂ ನಮ್ಮ ಯಜಮಾನರೂ ಮನೆ ಮತ್ತು ತೋಟದ ಪ್ರದರ್ಶನಕ್ಕೆ ಹೋಗಿದ್ದೆವು. ಈಗಿನ ಮನೆಗಳು ಜನರನ್ನು ಮೂಸಿ ನೋಡಿಯೇ ಬಾಗಿಲು ತೆಗೆಯುವುದು ನಿಮಗೂ ಗೊತ್ತಲ್ಲ. ಅಲ್ಲಿ ಅಕ್ಕಪಕ್ಕ ಕಟ್ಟಿದ್ದ ಮಾದರಿ ಮನೆಗಳಲ್ಲಿ ಒಂದರ ಮುಂದೆ ಸಾಲಿನಲ್ಲಿ ನಿಂತು, ನನ್ನ ಸರದಿ ಬಂದಾಗ ಬಾಗಿಲ ಮುಂದೆ ಕೈ ಚಾಚಿದೆ.

"ಬೆಳಗ್ಗೆ ಬಂಗುಡೆ ಮೀನು ಹುರಿದಿದ್ದೀರಿ," ಎಂದಿತು ಮಾದರಿ ಮನೆ. "ಕ್ಷಮಿಸಿ, ಒಳಗೆ ಬಿಡಲಾಗುವುದಿಲ್ಲ. ಬೇಕಾದರೆ ಹೊರಗಿನ ಹೂದೋಟ ನೋಡಿಕೊಂಡು ಹೋಗಿ."

"ಬಾ ಜಲಜಾ, ಹೋಗೋಣ," ಅಂತ ಯಜಮಾನರು ತೋಳು ಹಿಡಿದೆಳೆದರು. ನನಗೆ ಮೈಯೆಲ್ಲ ಉರಿದುಹೋಯಿತು. ಟಿಕೆಟ್ ತೆಗೆದುಕೊಂಡು ಬಂದವಳು ನಾನು!

"ನೋಡೋಕೆ ಬಂದವರ ಕೈ ಮೂಸುತ್ತೀಯಲ್ಲ, ನಿನಗೆ ಗಾರೆ ಕಲಸಿದವರ ಕೈ ಮೂಸಿದ್ದೀಯಾ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದೆ. "ನಿನ್ನ ಪಾಯದ ಪಕ್ಕದಲ್ಲೇ ಒಲೆ ಹೂಡಿ, ದಿನಾ ಸಂಜೆ ಒಣಮೀನು ಸುಡುತ್ತಿದ್ದರಲ್ಲ, ಅವರು! ಆ ಹೊಗೆಯಲ್ಲೇ ನಿನ್ನ ಗೋಡೆ ಎದ್ದಿದ್ದು. ಆಗ ಎಲ್ಲಿತ್ತು ಈ ಮೂಗು?"

ಬಾಗಿಲು ಒಂದು ಗೇಣು ಸರಿಯಿತು.

"ಮೆಲ್ಲಗೆ ಹೇಳಿ ಅಮ್ಮಾ," ಎಂದು ಪಿಸುಗುಟ್ಟಿತು. "ಪಕ್ಕದ ಮನೆಗೆ ಕೇಳಿಸುತ್ತೆ."