ಬೆಳಗಾದರೊಂದು ಫೈಲು

ಒಂದು ತಿಂಗಳಿಂದ ಪರಮೇಶಿಗೆ ಇದೇ ತಲೆನೋವು. ತನ್ನ ಡಿಟಿಪಿ ಅಂಗಡಿಗೆ ಬಂದು ಕಂಪ್ಯೂಟರ್ ಆನ್ ಮಾಡಿದರೆ ಸಾಕು, ಡೆಸ್ಕ್‌ಟಾಪ್ ಮೇಲೆ ತಲೆಬುಡವಿಲ್ಲದ ಹೆಸರಿನ ಹೊಸ ಫೈಲೊಂದು ಕೂತಿರುತ್ತಿತ್ತು. ಅಳಿಸಿದರೆ ಮರುದಿನ ಇನ್ನೊಂದು ಹಾಜರು. ವೈರಸ್ಸೇ ಇರಬೇಕೆಂದು ರಿಪೇರಿಯವನನ್ನು ಕರೆಸಿದ.

"ವೈರಸ್ಸಲ್ಲ ಸಾರ್, ಟೆಂಪರರಿ ಫೈಲು. ಕೆಲಸ ಮಾಡೋವಾಗ ಕಂಪ್ಯೂಟರೇ ಮಾಡ್ಕೊಳ್ಳುತ್ತೆ, ಕ್ಲೋಸ್ ಮಾಡಿದ್ರೆ ತಾನೇ ಹೋಗುತ್ತೆ," ಅಂದ ಅವನು. ಆಮೇಲೆ ದನಿ ತಗ್ಗಿಸಿದ. "ಯಾರೋ ದಿನಾ ನಿಮ್ಮ ಮಗಳ ಪುಣ್ಯತಿಥಿ ಕಾರ್ಡು ತೆಗೆದು, ಕ್ಲೋಸ್ ಮಾಡ್ದೆ ಗೋಡೆ ಸ್ವಿಚ್ಚೇ ಆರಿಸ್ತಿದ್ದಾರೆ ಸಾರ್."

ಬೆಳಿಗ್ಗೆ ಮೊದಲು ಬಂದು ಬಾಗಿಲು ತೆಗೆದು ಕಸ ಗುಡಿಸುವವಳು ಹೆಂಡತಿ. ರಿಪೇರಿಯವನು ಹೋದ ಮೇಲೆ ಪರಮೇಶಿ ಅವಳ ಕಡೆ ತಿರುಗಿದ.

"ವಿಶಾಲು, ನೀನಾ?"

ಅವಳು ಹೂಂಗುಟ್ಟಿದಳು.

"ಫೋಟೋ ನೋಡ್ಬೇಕು ಅನ್ಸಿದ್ರೆ ನೋಡೇ, ಬೇಡ ಅಂದೋರ್ಯಾರು? ಕ್ಲೋಸ್ ಮಾಡೋದು ಮರ್ತೋಯ್ತಾ? ನಾನೇ ಕಲಿಸಿದ್ನಲ್ಲ."

"ಮರ್ತಿಲ್ಲ ಕಣ್ರೀ," ಅಂದಳು, ಪೊರಕೆಯ ಕಡ್ಡಿ ಮುರಿಯುತ್ತಾ. "ಅವಳ ಹೆಸರಿಗೆ ಮುಂಚೆ ದಿವಂಗತ ಅಂತಿದೆಯಲ್ಲ, ಅದನ್ನ ಅಳಿಸಿ ಒಂದಿಷ್ಟು ಹೊತ್ತು ನೋಡ್ತಾ ಕೂತಿರ್ತೀನಿ. ಕ್ಲೋಸ್ ಮಾಡೋಕೆ ಹೋದ್ರೆ, ಸೇವ್ ಮಾಡ್ಲಾ ಬೇಡ್ವಾ ಅಂತ ಕೇಳುತ್ತೆ. ಸೇವ್ ಮಾಡಿದ್ರೆ ಕಾರ್ಡು ಹಂಗೇ ಪ್ರಿಂಟಾಗಿಬಿಡುತ್ತೆ. ಬೇಡ ಅಂತ ಒತ್ತೋಕೆ ಕೈ ಬರಲ್ಲ ರೀ."