ಒಂದು ಬಕೆಟ್ ನೀರಿನ ಗುಟ್ಟು

ಫೋನಿನಲ್ಲೇ ಅಂಗಡಿ ತೆರೆದು ಕೂತಿರುವ ಜಾಣರೆಲ್ಲ ಪುರುಸೊತ್ತು ಮಾಡಿಕೊಂಡು ಇದನ್ನು ಓದಿ...

ರಾಣೆಬೆನ್ನೂರಿನ ಗಿರಿಜಾ ಹಲಗೇರಿ ಬ್ಲೌಸ್ ಹೊಲಿಯುವುದನ್ನು ವಿಡಿಯೋದಲ್ಲಿ ಕಲಿಸುತ್ತಿದ್ದಳು. ತಪ್ಪು ಕತ್ತರಿಸಿದರೆ ಆ ತಪ್ಪನ್ನೂ ತೋರಿಸುತ್ತಿದ್ದಳು. ಹೆಂಗಸರು ಅವಳನ್ನು ನಂಬಿದ್ದೇ ಅದಕ್ಕೆ.

ಆಗ ಬಂದ ನೋಡಿ, ಅಮೋಘ್ ಎಂಬ ಮಹಾನುಭಾವ...

ಸೂಜಿಗೆ ದಾರ ಪೋಣಿಸಲು ಅವನಿಗೆ ಬಾರದು. ಆದರೆ ಯಾರ ಚಾನೆಲ್ ಹೇಗೆ ಬೆಳೆಯಬೇಕು ಎಂದು ಊರೂರು ತಿರುಗಿ ಉಪದೇಶ ಮಾಡುತ್ತಿದ್ದ. ಹೆಸರಿನ ಕೆಳಗೆ ತಾನೇ 'ಗ್ರೋತ್ ಕೋಚ್' ಎಂದು ಹಾಕಿಕೊಂಡಿದ್ದ.

ಎಲ್ಲವನ್ನೂ ಬಿಟ್ಟಿ ಹೇಳಿಕೊಟ್ಟರೆ ನಾಳೆ ನೀವು ಮಾಡುವ ದುಡ್ಡಿನ ಕೋರ್ಸನ್ನು ಯಾರು ಕೊಳ್ಳುತ್ತಾರೆ ಎಂದು ಕೇಳಿದ. ವಿಡಿಯೋದಲ್ಲಿ ಮುಖ್ಯವಾದ ಒಂದು ವಿಷಯ ಬಿಟ್ಟುಬಿಡಿ, ಎಡವಿದವರು ತಾವಾಗಿಯೇ ದುಡ್ಡು ಹಿಡಿದು ಬರುತ್ತಾರೆ ಎಂದ. ಇದಕ್ಕೆ ಅವನು ಇಟ್ಟ ಹೆಸರು ಸ್ಟ್ರಾಟೆಜಿ.

ಗಿರಿಜಾ ಅಲ್ಲೇ ಕೈಮುಗಿದು ಕಳಿಸಬಹುದಿತ್ತು. ಕಳಿಸಲಿಲ್ಲ. ಇನ್ನೊಂದು ಹೊಲಿಗೆ ಚಾನೆಲ್‌ನವಳು ಕಾರು ಕೊಂಡಾಗಿನಿಂದ ಇವಳಿಗೆ ಹೊಟ್ಟೆಯುರಿ...

ಅವಳು ಮುಚ್ಚಿಟ್ಟದ್ದು ಏನು ಗೊತ್ತೇ? ಬ್ಲೌಸಿನ ಒಳಗೆ ಕೊಡುವ ಲೈನಿಂಗ್ ಬಟ್ಟೆಯನ್ನು ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಬೇಕು. ಇಲ್ಲದಿದ್ದರೆ ಮೊದಲ ಸಲ ಒಗೆದಾಗಲೇ ಅದು ಕುಗ್ಗಿ, ಬ್ಲೌಸ್ ಸುಕ್ಕುಗಟ್ಟುತ್ತದೆ.

ಒಂದು ಬಕೆಟ್ ನೀರು! ನಲ್ಲಿಯಲ್ಲಿ ಬರುವ ನೀರನ್ನೇ ಗುಟ್ಟು ಮಾಡಿ ಮಾರಲು ಹೊರಟರು, ಇಬ್ಬರು ಬುದ್ಧಿವಂತರು. ಹಳೆಯ ವಿಡಿಯೋಗಳಿಂದಲೂ ಆ ಭಾಗ ತೆಗೆದುಹಾಕಿದರು.

ಕೋರ್ಸ್ ಬಿಡುಗಡೆಗೆ ಕಲ್ಯಾಣ ಮಂಟಪ ಹಿಡಿದರು. ಹೂವಿನ ಕಮಾನು, ದೊಡ್ಡ ಪರದೆ, ಮೇಲಿಂದ ಚಾನೆಲ್‌ನಲ್ಲಿ ಲೈವ್ ಪ್ರಸಾರ ಬೇರೆ... ಗಿರಿಜಾ ಮದುಮಗಳ ಹಾಗೆ ವೇದಿಕೆಯ ಮೇಲೆ ಕೂತಿದ್ದಳು.

ಪ್ರಶ್ನೆ ಕೇಳುವ ಹೊತ್ತಿಗೆ ಹಿರೇಕೆರೂರು ಕಡೆಯ ಮಲ್ಲವ್ವ ಎಂಬಾಕೆ ಎದ್ದು ನಿಂತಳು. ಗಂಡ ಹಾಸಿಗೆ ಹಿಡಿದ ಮೇಲೆ ಅವಳ ಹೊಲಿಗೆ ಮಷೀನೇ ಮನೆ ನಡೆಸುತ್ತಿತ್ತು.

ಚೀಲದಿಂದ ಒಂದೊಂದೇ ಬ್ಲೌಸ್ ತೆಗೆದು ತೋರಿಸಿದಳು. ಎಲ್ಲವೂ ಸುಕ್ಕುಗಟ್ಟಿ ಮುದುಡಿದ್ದವು.

ಗಿರಿಜಾಳಿಗೆ ನೋಡಿದ ಕೂಡಲೇ ತಿಳಿಯಿತು. ಇವಳೀಗ ಎಲ್ಲರೆದುರು ನನ್ನ ಮಾನ ಕಳೆಯುತ್ತಾಳೆ ಎಂದುಕೊಂಡಳು.

ಆದರೆ ಮಲ್ಲವ್ವ ಬೈಯಲಿಲ್ಲ. ಕೈಮುಗಿದಳು...

"ಅಕ್ಕಾರ, ಮದುವಿ ಮನಿಯವ್ರು ನನ್ನ ನಂಬಿ ಬಟ್ಟಿ ಕೊಟ್ಟಿದ್ರು. ನೀವು ವಿಡಿಯೋದಾಗ ಹೇಳಿದ್ದು ಒಂದೂ ಬಿಡದಂಗ ಮಾಡೀನ್ರಿ. ಒಗದ ಮ್ಯಾಲೆ ಹಿಂಗಾದ್ವು. ನಾನು ಗಿರಿಜಕ್ಕಾರ ಕಡೆ ಕಲ್ತಾಕಿ ಅಂತ ಊರ ತುಂಬ ಹೇಳ್ಕೊಂಡಿದ್ದೆ... ನನ್ನಿಂದ ನಿಮ್ಮ ಹೆಸರು ಕೆಟ್ಟೋತು. ಅದಕ್ಕ ಕ್ಷಮಾ ಕೇಳಾಕ ಬಂದೀನ್ರಿ. ಇನ್ನ ಮಷೀನ್ ಮುಟ್ಟೂದಿಲ್ಲ."

ಅಮೋಘ್ ಗಿರಿಜಾಳ ಕಿವಿಯ ಹತ್ತಿರ ಬಗ್ಗಿದ. ಅವನ ಮುಖ ಅರಳಿತ್ತು.

"ಮೇಡಂ, ಸೂಪರ್. ಕೋರ್ಸ್ ತಗೊಂಡಿದ್ರೆ ಹಿಂಗಾಗ್ತಿರ್ಲಿಲ್ಲ ಅಂತ ಹೇಳ್ಬಿಡಿ, ಸಾಕು."

ಗಿರಿಜಾ ಅವನ ಮುಖ ನೋಡಿದಳು, ಆಮೇಲೆ ಆ ಬ್ಲೌಸುಗಳನ್ನು ನೋಡಿದಳು. ಅವನನ್ನು ಕಂಡು ಹೇಸಿಗೆಯಾಯಿತು. ತನ್ನನ್ನು ನೆನೆದು ಇನ್ನೂ ಹೆಚ್ಚು ಹೇಸಿಗೆಯಾಯಿತು...

ಅವಳು ಎದ್ದು ಮಂಟಪದ ಅಡುಗೆಮನೆಯಿಂದ ಒಂದು ಬಕೆಟ್ ನೀರು ತರಿಸಿದಳು. ಕೋರ್ಸ್ ಜೊತೆ ಕೊಡಲು ಇಟ್ಟಿದ್ದ ಲೈನಿಂಗ್ ಬಟ್ಟೆಯನ್ನು ಲೈವ್‌ನಲ್ಲೇ ಅದರೊಳಗೆ ಅದ್ದಿದಳು.

"ಮಲ್ಲವ್ವಾರ, ನಿಮ್ಮ ಕೈ ಚಲೋ ಐತ್ರಿ. ಕೆಟ್ಟಿದ್ದು ನನ್ನ ಬುದ್ಧಿ. ಕತ್ತರಿಸೂ ಮೊದ್ಲು ಹಿಂಗ ನೆನಸಬೇಕು. ಇದನ್ನ ನಾನು ಬೇಕಂತ ಮುಚ್ಚಿಟ್ಟಿದ್ದೆ."

ಅಮೋಘ್ ಓಡಿಹೋಗಿ ಲೈವ್ ನಿಲ್ಲಿಸಿದ. ಅವನ ಕೈಲಾದದ್ದು ಅಷ್ಟೇ.

ಮಲ್ಲವ್ವ ಬಕೆಟ್ಟಿನ ಹತ್ತಿರ ಬಂದು ನೆನೆದ ಬಟ್ಟೆಯನ್ನು ಎತ್ತಿ ನೋಡಿದಳು.

"ಇಷ್ಟೇ ಏನ್ರಿ, ಅಕ್ಕಾರ?"

ಗಿರಿಜಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು...

ಆ ಬ್ಲೌಸುಗಳ ಲೈನಿಂಗ್ ಬಿಚ್ಚಿ ಇಬ್ಬರೂ ಕೂತು ಹೊಸದಾಗಿ ಹೊಲಿದರು. ಮಲ್ಲವ್ವನ ಮಷೀನು ಮತ್ತೆ ಓಡಿತು. ಗಿರಿಜಾಳ ವಿಡಿಯೋಗಳು ಈಗ ಬಕೆಟ್ಟಿನಿಂದಲೇ ಶುರುವಾಗುತ್ತವೆ.

ಅಮೋಘ್ ಏನಾದ ಎನ್ನುವಿರಾ? ಅದೇ ವೇದಿಕೆಯ ಫೋಟೋ ತೋರಿಸಿಕೊಂಡು ಮುಂದಿನ ಊರಲ್ಲಿ ಉಪದೇಶ ಮಾಡುತ್ತಿದ್ದಾನೆ. ಅಂಥವರಿಗೆ ಸಾವಿಲ್ಲ.

ಕಲಿಯಲು ಬಂದವರನ್ನು ಬೇಕೆಂದೇ ಎಡವಿಸಿ ಗಳಿಸುವುದು ಸ್ಟ್ರಾಟೆಜಿಯಲ್ಲ, ಮೋಸ.

ನಿಮ್ಮನ್ನು ನಂಬಿದವರಿಂದ ನೀವು ಮುಚ್ಚಿಟ್ಟಿರುವ ಆ ಒಂದು ಬಕೆಟ್ ನೀರು ಯಾವುದು?