ಸ್ವಲ್ಪ ಗಾಳಿ ಇದೆ

ಚಂದ್ರನ ಗಣಿಯಲ್ಲಿದ್ದ ರಕ್ಷಣಾ ಯಂತ್ರಕ್ಕೆ ಇಂಗ್ಲಿಷ್ ಮಾತ್ರ ತಿಳಿಯುತ್ತಿತ್ತು. ಅದಕ್ಕೇ ಕಲಬುರಗಿಯ ಮಹಾನಂದಾ ಟೀಚರ್ ಕಾರ್ಮಿಕರಿಗೆ ಪಾಠ ಹೇಳಲು ಅಲ್ಲಿಗೆ ಬಂದಿದ್ದರು. ಕಡಿಮೆ ಇದೆ ಎನ್ನಲು ಅವರು ಕಲಿಸಿದ್ದು ಹೀಗೆ: ಸಿಲಿಂಡರನ್ನು ಎಣಿಸಬಹುದು, ಅದಕ್ಕೆ ‘ಫ್ಯೂ’. ಗಾಳಿಯನ್ನು ಎಣಿಸಲಾಗದು, ಅದಕ್ಕೆ ‘ಲಿಟಲ್’. ಈ ಪದಗಳ ಮೊದಲು ‘ಎ’ ಸೇರಿಸಿದರೆ ಸ್ವಲ್ಪವಾದರೂ ಇದೆ ಎಂದರ್ಥ. ಸೇರಿಸದಿದ್ದರೆ ಇಲ್ಲವೆನ್ನುವಷ್ಟು ಕಡಿಮೆ.

ಒಂದು ದಿನ ಎರಡು ಸುರಂಗಗಳು ಒಟ್ಟಿಗೇ ಕುಸಿದವು. ಒಂದರಲ್ಲಿ ಟೀಚರ್ ಮತ್ತು ಅವರ ವಿದ್ಯಾರ್ಥಿ ಬಸಲಿಂಗ ಸಿಕ್ಕಿಬಿದ್ದರು. ಇನ್ನೊಂದರಲ್ಲಿದ್ದವರ ಏದುಸಿರು ರೇಡಿಯೋದಲ್ಲಿ ಕೇಳಿಸುತ್ತಿತ್ತು. ರಕ್ಷಣಾ ವಾಹನ ಇದ್ದದ್ದು ಒಂದೇ. ಅದನ್ನು ಮೊದಲು ಎಲ್ಲಿಗೆ ಕಳುಹಿಸಬೇಕೆಂದು ತೀರ್ಮಾನಿಸಲು, ನಿಮ್ಮಲ್ಲಿ ಗಾಳಿ ಎಷ್ಟಿದೆ ಎಂದು ಯಂತ್ರ ಟೀಚರನ್ನು ಕೇಳಿತು.

“ಬರೇ ‘ಲಿಟಲ್’ ಅನ್ರಿ ಟೀಚರ್,” ಬಸಲಿಂಗ ಅವರ ಕೈ ಹಿಡಿದುಕೊಂಡ. “‘ಎ’ ಅಂದ್ರ ನಮ್ಮ ಕಡಿ ಮೊದಲು ಬರಂಗಿಲ್ರಿ.”

ಟೀಚರ್ ಗಾಳಿಯ ಮೀಟರ್ ನೋಡಿದರು. ಅವರಿಗೂ ಹೆದರಿಕೆಯಿತ್ತು.

“ನಮಗ ಇನ್ನೂ ಸ್ವಲ್ಪ ಅದಪ್ಪ. ಪಾಪ, ಅವರಿಗಿಲ್ಲ,” ಎಂದು ಹೇಳಿ ರೇಡಿಯೋ ಬಾಯಿಗೆ ಹಿಡಿದರು. “ಎ ಲಿಟಲ್ ಏರ್.”

ವಾಹನ ಇನ್ನೊಂದು ಸುರಂಗದ ಕಡೆಗೆ ಹೋಯಿತು. ಬಸಲಿಂಗ ಮುಖ ತಿರುಗಿಸಿಕೊಂಡು ಅತ್ತ. ಮಾತಾಡಿದರೆ ಗಾಳಿ ಖರ್ಚಾಗುತ್ತದೆಂದು ಟೀಚರ್ ಅವನ ಬೆನ್ನು ಸವರುತ್ತಾ ಕುಳಿತರು.

ತಲೆ ತಿರುಗುವ ಹೊತ್ತಿಗೆ ಇವರನ್ನೂ ಹೊರತೆಗೆದರು. ಆಸ್ಪತ್ರೆಯಲ್ಲಿ ಇನ್ನೊಂದು ಸುರಂಗದವರೆಲ್ಲ ಸಾಲಾಗಿ ಮಲಗಿದ್ದರು. ತುಸು ತಡವಾಗಿದ್ದರೂ ಆ ಸುರಂಗದವರಲ್ಲಿ ಯಾರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಬಸಲಿಂಗ ಆ ಮುಖಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಯಾರೂ ಹೇಳದೆಯೇ ಹಾಸಿಗೆಯಿಂದೆದ್ದು, ಒಬ್ಬೊಬ್ಬರಿಗೂ ನೀರು ಕುಡಿಸತೊಡಗಿದ.